ಸಕ್ಕುಬಾಯಿ ತೋರಿಸಿದ ಜಾಗ

ಕೊಕಟನೂರ, ಆಗಸ್ಟ್ ೯

ಅಕ್ಕಾ,

ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಈ ಕಾರ್ಡು. ನಾನು ಗೋಡೆಗೆ ಚಿತ್ರ ಬರೆಯಲು ಬಂದ ಮನೆಯ ಯಜಮಾನಿ ಸಕ್ಕುಬಾಯಿ ಮೊನ್ನೆ ತೀರಿಕೊಂಡರು. ಊರಿನ ಅಂಗನವಾಡಿ ಟೀಚರಾಗಿದ್ದವರು. ಪ್ರತಿ ಆಗಸ್ಟ್ ಹದಿನೈದಕ್ಕೆ ಧ್ವಜಕಟ್ಟೆಯ ಮುಂದೆ ಅಶೋಕಚಕ್ರದ ಮೂರು ಬಣ್ಣದ ರಂಗೋಲಿ ಅವರ ಕೈಯದೇ ಆಗಬೇಕಿತ್ತಂತೆ. ಲಕ್ವ ಹೊಡೆದು ಮಾತೂ ನಿಂತಿತ್ತು. ಮಲಗಿದಲ್ಲಿಂದಲೇ ಎಲ್ಲ ಕಾಣಲೆಂದು ಗಂಡ ಧರೆಪ್ಪನವರು ಮಂಚದೆದುರಿನ ಗೋಡೆಯ ಮೇಲೆ ಅವರ ದ್ರಾಕ್ಷಿ ತೋಟ, ನವಿಲು, ತಾವರೆ, ನಟ್ಟನಡುವೆ ಆ ರಂಗೋಲಿ ಬರೆಸಿದರು.

ನೀಲಿ ಚಕ್ರ ಮುಗಿಸಿದ ದಿನ ಆಕೆ ಎಡಗೈ ಬೆರಳೆತ್ತಿ ಅದರತ್ತಲೇ ತೋರಿಸುತ್ತಿದ್ದರು. "ನೀರ ಬೇಕಾಗ್ಯಾವೇನ?" ಎಂದು ಧರೆಪ್ಪನವರು ಚಮಚದಲ್ಲಿ ಕುಡಿಸಿದರು. ನಾನೋ, ಮೆಚ್ಚಿಕೊಂಡರು ಎಂದು ಹಿಗ್ಗಿದೆ. ಅವರನ್ನು ಮಣ್ಣು ಮಾಡಿ ಬಂದ ಮೇಲೆ ಖಾಲಿ ಮಂಚದ ಬಳಿ ಕೂತು ಚಕ್ರದ ಕಡ್ಡಿಗಳನ್ನು ಎಣಿಸಿದೆ. ಇಪ್ಪತ್ತನಾಲ್ಕು ಇರಬೇಕಾದಲ್ಲಿ ಇಪ್ಪತ್ತಮೂರೇ ಇವೆ, ಅಕ್ಕಾ. ಬಲಗಡೆ, ತಾವರೆಯ ಪಕ್ಕ, ಒಂದು ಬಿಟ್ಟಿದ್ದೇನೆ.

ನನ್ನ ಕೆಮ್ಮು ವಾಸಿ, ಜೋಳದ ರೊಟ್ಟಿಯೂ ಒಗ್ಗಿದೆ. ಸೂತಕದ ಮನೆಯಲ್ಲಿ ಬಣ್ಣ ಮುಟ್ಟುವಂತಿಲ್ಲ, ಹಾಗಾಗಿ ನಾಳೆ ರಾಯಬಾಗದಿಂದ ರೈಲು ಹತ್ತುತ್ತೇನೆ. ಒಂದು ಕಡ್ಡಿ ಬಿಟ್ಟುಹೋಗಿದೆ, ದಿನಗಳು ಮುಗಿದ ಮೇಲೆ ಬಂದು ಸರಿ ಮಾಡಿಕೊಡುತ್ತೇನೆ ಎಂದು ಧರೆಪ್ಪನವರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಗೋಡೆಯ ಹತ್ತಿರ ಹೋಗಿ ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟರು.

"ಬ್ಯಾಡ್ರಿ, ಹಂಗ ಇರ್ಲಿ. ಆಕಿ ಕಡೀಕ ಹೇಳಿದ್ದ ಮಾತ ಇದು. ನಾ ನೀರ ಕುಡಿಸಿಬಿಟ್ಟೆ."

ನಿನ್ನ ತಮ್ಮ,
ನಂಜುಂಡ