ಅಮ್ಮ ಊದಿದ ಪೆನ್ನು

ಪೆಕಲೋಂಗನ್. ಜೂನ್ ೮, ಶನಿವಾರ.

ಚಿತ್ರ ಬರೆಯೋ ಟ್ಯಾಬ್ಲೆಟ್ ಬೇಕೋ ಬೇಡವೋ? ವಾರದಿಂದ ತಲೆಯಲ್ಲಿ ಇದೇ ಹುಳ ಕೊರೀತಿತ್ತು. ಬೆಳಿಗ್ಗೆಯೂ ನನ್ನ ಗಂಡ ಪ್ರಾಣೋತೋ ಚುಚ್ಚಿದ: "ಮನೇಲಿ ಎರಡು ಕಂಪ್ಯೂಟರ್ ಕೂತಿವೆ. ಮೂರನೇದು ಬಂದು ಅವಕ್ಕೆ ಗಾಳಿ ಬೀಸುತ್ತಾ?"

ಅವನ ಮಾತೂ ಸುಳ್ಳಲ್ಲ. ಆದರೆ ಮೌಸ್ ಹಿಡಿದು ಬಾಟಿಕ್ ಬಳ್ಳಿ ಬರೆದರೆ ನನ್ನದು ಸತ್ತ ಹಾವಿನ ಹಾಗಾಗುತ್ತೆ. ಅಮ್ಮನಂತೂ ಮೌಸ್ ಮುಟ್ಟೋದೇ ಇಲ್ಲ. "ಕೈ ಆಡಿಸೋದು ಇಲ್ಲಿ, ಗೆರೆ ಮೂಡೋದು ಅಲ್ಲಿ. ಇದೇನು ಮಾಟವೇನೇ?" ಅಂತಾಳೆ.

ಸಂಜೆ ಅವಳನ್ನೂ ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯ ಹುಡುಗಿ ಟ್ಯಾಬ್ಲೆಟ್ಟಿನ ಪೆನ್ನು ಕೊಟ್ಟಳು. ಅಮ್ಮ ಅದರ ತುದಿಯನ್ನು ಬಾಯಿ ಹತ್ತಿರ ಹಿಡಿದು ಉಫ್ ಎಂದು ಊದಿಬಿಟ್ಟಳು! ಬಟ್ಟೆ ಮೇಲೆ ಬಿಸಿ ಮೇಣದಲ್ಲಿ ಬಾಟಿಕ್ ಬರೆಯೋ ಚಂಟಿಂಗ್‌ನ ಕೊಕ್ಕಿನಲ್ಲಿ ಮೇಣ ಕಟ್ಟಿಕೊಳ್ಳದಿರಲಿ ಅಂತ ಚಿಕ್ಕಂದಿನಿಂದ ಊದಿದ ಬಾಯಿ ಅದು. ಹುಡುಗಿ ಕಿಸಕ್ಕೆಂದಳು. ನಾನು ನಾಚಿ ನೀರಾಗುವಷ್ಟರಲ್ಲಿ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಅಮ್ಮನ ಬಳ್ಳಿ ಹಬ್ಬಿಬಿಟ್ಟಿತ್ತು, ಥೇಟ್ ಬಟ್ಟೆಯ ಮೇಲೆ ಹಬ್ಬುವ ಹಾಗೇ.

ಆಗ ಕೈತಪ್ಪಿ ಒಂದು ಚುಕ್ಕೆ ಬಿತ್ತು. ಅಮ್ಮನ ಮುಖ ಬಾಡಿತು. ಒಂದು ಹನಿ ಮೇಣ ತಪ್ಪಿ ಬಿದ್ದರೆ ಇಡೀ ಬಟ್ಟೆ ಕೆಟ್ಟ ಹಾಗೆ. ಹುಡುಗಿ ಎರಡು ಬೆರಳಿಂದ ತಟ್ಟಿದಳು, ಚುಕ್ಕೆ ಮಾಯ!

"ಅಯ್ಯೋ, ಇನ್ನೊಂದ್ಸಲ ಮಾಡೇ!"

ಆಮೇಲೆ ಬೇಕಂತಲೇ ಚುಕ್ಕೆ ಬೀಳಿಸೋದು, ಅಳಿಸೋದು, ಕುಲುಕುಲು ನಗೋದು. ಕೊಂಡುಬಿಟ್ಟೆ, ನನಗೆ ಅಂತಲೇ.

ಈಗ ಪ್ರಾಣೋತೋ ಕೂಡ ಅಮ್ಮನ ಪಕ್ಕ ಬಾಯಿಬಿಟ್ಟುಕೊಂಡು ಕೂತಿದ್ದಾನೆ. ಊಟ ಆದಮೇಲೆ ನಾನೂ ಕೈಚಾಚಿದೆ: "ಒಂದು ಗೆರೆ ನಾನೂ ಎಳೀಲೇನಮ್ಮಾ?"

ತಲೆ ಕೂಡ ಎತ್ತಲಿಲ್ಲ. "ತಡಿಯೇ, ಮೇಣ ಇನ್ನೂ ಬಿಸಿ ಇದೆ."