ವಾರಕ್ಕೆ ಎರಡು ದಿನ, ಅರ್ಧ ಗಂಟೆ

ಸೆಪ್ಟೆಂಬರ್ ೯, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ನಿನ್ನ ಸೊಂಟ ಹೇಗಿದೆ, ಬೆಲ್ಟ್ ಕಟ್ಟಿಕೊಳ್ಳುವುದು ಬಿಟ್ಟೆಯೋ ಇನ್ನೂ ಇದೆಯೋ, ಅದನ್ನು ಮೊದಲು ತಿಳಿಸು.

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದು, ಅದು ಪೂರಾ ಸುಳ್ಳೂ ಅಲ್ಲ. ಆದರೆ ಮೂರು ಸಲ ಬರೆಯಲು ಕೂತು, ಮೂರು ಸಲವೂ ‘ಪ್ರೀತಿಯ ಅಕ್ಕನಿಗೆ’ ಎಂದಷ್ಟೇ ಬರೆದು ಎದ್ದುಹೋದೆ. ಅದರಲ್ಲಿ ಒಂದು ಹಾಳೆಯ ಮೇಲೆ ನಮ್ಮ ಮನೆಯವರು ಯಾರದೋ ಫೋನ್ ನಂಬರು ಗೀಚಿಕೊಂಡು ಹೋದರು. ಇವತ್ತು ಲ್ಯಾಬಿನಲ್ಲಿ ಕಂಪ್ರೆಸರ್ ಕೆಟ್ಟು ಎಲ್ಲರಿಗೂ ಮಧ್ಯಾಹ್ನದಿಂದ ರಜೆ. ಮನೆಗೆ ಬಂದು ಕೈ ತೊಳೆದು ನೇರ ಮೇಜಿಗೆ ಬಂದಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಇದೆ. ಹಾಳೆಯ ಮೇಲೆ ಬಿಳಿ ಪುಡಿ ಕಂಡರೆ ಅದೇ.

ಅಪ್ಪ ಹೋದ ದಿನ ನಾನು ಯಾಕೆ ಅಳಲಿಲ್ಲ ಎಂದು ಕೇಳಿದ್ದೀಯ. ಚಿಕ್ಕಮ್ಮ ಅದನ್ನೇ ಮಾತಾಡಿಕೊಂಡರಂತೆ. ಅವರ ಮೇಲೆ ನನಗೆ ಬೇಜಾರಿಲ್ಲ, ಕಂಡದ್ದನ್ನೇ ಹೇಳಿದ್ದಾರೆ. ಬಂದವರಿಗೆಲ್ಲ ನೀರು ಕೊಟ್ಟೆ. ಕುರ್ಚಿ ಸಾಲದಾದಾಗ ನಿಮ್ಮ ಎದುರು ಮನೆಯಿಂದ ಆರು ಕುರ್ಚಿ ತಂದು ಹಾಕಿದೆ, ಸಂಜೆ ಒರೆಸಿ ವಾಪಸು ಕೊಟ್ಟೆ. ಅಪ್ಪನ ಮುಖ ನೋಡಿದೆ. ಹಲ್ಲಿನ ಸೆಟ್ಟು ತೆಗೆದಿದ್ದರಿಂದ ಕೆನ್ನೆ ಒಳಗೆ ಹೋಗಿತ್ತು. ಆ ಸೆಟ್ಟು ನಾನೇ ಮಾಡಿದ್ದು. ಹಾಕಿಬಿಡಲೇ ಎಂದು ಯೋಚಿಸಿದೆ, ಆಮೇಲೆ ಅದನ್ನೂ ಬಿಟ್ಟೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ಅರ್ಧ ಬಾಯಿ ನಮ್ಮದಲ್ಲದಂತೆ ಆಗುತ್ತದಲ್ಲ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಹಾಗಿತ್ತು, ಈಗಲೂ ಹಾಗೇ ಇದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ ಅಕ್ಕ.

ಇನ್ನೊಂದು, ಆ ಕಸರತ್ತಿನ ಕ್ಲಾಸಿಗೆ ಈಗಲೂ ಹೋಗುತ್ತೀಯಾ, ಇನ್ನು ಯಾರಿಗೋಸ್ಕರ ಎಂದು ಕೇಳಿದ್ದೀಯ. ಹೋಗುತ್ತೇನೆ. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಆರೂಕಾಲಕ್ಕೆ. ಇವತ್ತೂ ಹೋಗಿದ್ದೆ.

ಅದು ಶುರುವಾದ ಬಗೆ ನಿನಗೆ ಗೊತ್ತೇ ಇದೆ. ಬಲಗೈ ಬಲಗಾಲು ಸ್ವಾಧೀನವಿಲ್ಲದ, ಅಷ್ಟೆತ್ತರದ ಅಪ್ಪ ಜನವರಿಯಲ್ಲಿ ನಮ್ಮ ಬಚ್ಚಲ ಬಾಗಿಲಲ್ಲಿ ಎರಡನೇ ಸಲ ಬಿದ್ದರು. ಇವರು ಡ್ಯೂಟಿಗೆ ಹೋಗಿದ್ದರು. ನನ್ನ ಕೈಯಲ್ಲಿ ಎತ್ತಲಾಗಲಿಲ್ಲ. ಕೆಳಗಿನ ಮನೆಯ ಬಡಗಿ ಬಂದು ಎತ್ತಿ ಮಂಚಕ್ಕೆ ಹಾಕಿದ. ಮರುದಿನ ನಿನಗೆ ಫೋನ್ ಮಾಡಿದೆ, ಆ ಭಾನುವಾರವೇ ನೀನೂ ಭಾವನೂ ಕಾರು ತಂದು ಅಪ್ಪನನ್ನು ಕರೆದುಕೊಂಡು ಹೋದಿರಿ. ಹೊರಡುವಾಗ ನೀನು, “ಮೊದ್ಲು ಮೈಗೆ ಒಂಚೂರು ಶಕ್ತಿ ಮಾಡ್ಕೋ. ಆಮೇಲೆ ನಾಲ್ಕು ತಿಂಗಳು ನೀನು, ನಾಲ್ಕು ತಿಂಗಳು ನಾನು” ಅಂದೆ. ನಾನು ತಲೆಯಾಡಿಸಿದೆ.

ಶಕ್ತಿ ಮಾಡಿಕೊಳ್ಳುವುದು ಎಲ್ಲಿ, ಯಾವಾಗ? ಒಂಬತ್ತಕ್ಕೆ ಲ್ಯಾಬು. ಬಗ್ಗಿದ ತಲೆ ಎತ್ತುವುದು ಊಟಕ್ಕೆ, ಆಮೇಲೆ ಆರೂವರೆಗೆ. ಮೇಣದಲ್ಲಿ ಹಲ್ಲು ಕೂರಿಸುವುದು, ಕೆರೆಯುವುದು, ಉಜ್ಜುವುದು. ನಲವತ್ತಾರು ವರ್ಷಕ್ಕೆ ನನ್ನ ಬೆರಳಿಗೆ ಇದ್ದ ಕಸುವು ಭುಜಕ್ಕಿರಲಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ರಿಟೈರಾದ ಪಿ.ಟಿ. ಟೀಚರೊಬ್ಬರು ಹೆಂಗಸರಿಗೆ, ವಯಸ್ಸಾದವರಿಗೆ ಹೇಳಿಕೊಡುತ್ತಾರೆ ಎಂದು ಇವರೇ ವಿಚಾರಿಸಿಕೊಂಡು ಬಂದರು. ಎಲ್ಲರೂ ಅವರನ್ನು ಸೀಟಿ ಮೇಡಂ ಎನ್ನುತ್ತಾರೆ. ಕೊರಳಲ್ಲಿ ಇನ್ನೂ ಸೀಟಿ ತೂಗಾಡುತ್ತಿರುತ್ತದೆ, ಊದಿದ್ದನ್ನು ಯಾರೂ ಕೇಳಿಲ್ಲ.

ಮೊದಲ ದಿನ ನನಗೆ ಪುರುಸೊತ್ತೇ ಇಲ್ಲ ಎಂದು ರಾಗ ಎಳೆದೆ. ಅವರು ನನ್ನ ದಿನಚರಿಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, “ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ. ಅಷ್ಟು ಸಾಕು. ಆದ್ರೆ ಆ ಅರ್ಧ ಗಂಟೇಲಿ ಫೋನು, ಸಂಸಾರ ಎರಡೂ ಕೆಳಗಡೆ ಅಂಗಡೀಲಿ ಬಿಟ್ಟು ಬನ್ನಿ” ಅಂದರು. ಕಲಿಸಿದ್ದು ಐದೇ ಕೆಲಸ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯನ್ನು ತಳ್ಳುವುದು, ಹಗ್ಗ ಎಳೆಯುವುದು, ನೆಲದ ಮೇಲಿನ ಮರಳು ಚೀಲ ಎತ್ತುವುದು, ಎತ್ತಿದ್ದನ್ನು ಹಿಡಿದು ಕೋಣೆಯ ಉದ್ದಕ್ಕೂ ನಡೆಯುವುದು. ಪ್ರತಿಯೊಂದೂ ಎಂಟು ಸಲ, ಉಸಿರು ತಗೊಂಡು ಮತ್ತೆ ಎಂಟು. ಕೊನೆಯ ಎರಡು ಕಷ್ಟ ಅನ್ನಿಸಬೇಕು, ಆದರೆ ಬೆನ್ನು ಗೂನಾಗಬಾರದು. ಗೂನಾದರೆ ಅಂದಿಗೆ ಅಷ್ಟೇ. ಸಲೀಸಾದ ವಾರ ಒಂದಿಷ್ಟು ಮರಳು ಜಾಸ್ತಿ.

ಮೊದಲ ವಾರ ನಾನು ಪಟ್ಟ ಪಾಡು ಕೇಳಬೇಡ. ಎರಡು ದಿನ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಲ್ಯಾಬಿನ ಸ್ಟೂಲಿನ ಮೇಲೆ ಕೂರುವಾಗ ‘ಅಯ್ಯಪ್ಪಾ’ ಎಂದದ್ದು ಯಜಮಾನರ ಕೋಣೆಗೂ ಕೇಳಿತು. ಮೇಡಂಗೆ ಹೇಳಿದರೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಒಂದಷ್ಟು ದಿನ ಗೊಣಗುತ್ತಾರೆ, ನಿಮ್ಮ ತೊಡೆಯೂ ಅಷ್ಟೇ, ಶುಕ್ರವಾರ ಬನ್ನಿ ಅಂದರು. ನಮ್ಮ ಮನೆಯವರದು ಲಿಫ್ಟ್ ರಿಪೇರಿ ಕೆಲಸವಲ್ಲವೇ, ಇನ್ನು ಮೇಲೆ ಗಂಡ ಹೆಂಡತಿ ಇಬ್ಬರದೂ ಎತ್ತುವ ವ್ಯವಹಾರವೇ ಆಯಿತು ಎಂದು ಅವರಿಗೆ ನಗುವೋ ನಗು. ಆದರೂ ರಾತ್ರಿಯ ಅಡುಗೆಗೆ ಕಾಳು ನೆನೆಹಾಕುವುದು, ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿಡುವುದು ತಾವೇ ವಹಿಸಿಕೊಂಡರು. ಖಾಲಿ ಹೊಟ್ಟೆಯಲ್ಲಿ ಶಕ್ತಿ ಹುಟ್ಟುವುದಿಲ್ಲ ಎಂದು ಮೇಡಂ ಇವರನ್ನೂ ಕೂರಿಸಿಕೊಂಡು ಪಾಠ ಮಾಡಿದ್ದರು.

ನನ್ನ ಜೊತೆ ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜ ಬರುತ್ತಾರೆ. ಎಪ್ಪತ್ತೊಂದು ವಯಸ್ಸು. ನನ್ನ ಹಾಗೇ ದಿನವಿಡೀ ಬಗ್ಗಿ ಕೂರುವವರು. ಮಾತು ಕಡಿಮೆ. ನಾನು ಲೆಕ್ಕ ತಪ್ಪಿಸಿ ಏಳಕ್ಕೇ ನಿಲ್ಲಿಸಿದರೆ ಮಾತ್ರ ತಮ್ಮ ಚೀಲದಿಂದ ಕಣ್ಣೆತ್ತದೆ, “ಇನ್ನೊಂದು ಇದೆ” ಅನ್ನುತ್ತಾರೆ.

ಅಪ್ಪನ ಕಾರ್ಯ ಮುಗಿಸಿ ನಿಮ್ಮ ಮನೆಯಿಂದ ವಾಪಸು ಬಂದದ್ದು ಸೋಮವಾರ. ಮಂಗಳವಾರ ಆರೂಕಾಲಕ್ಕೆ ಮೆಟ್ಟಿಲು ಹತ್ತಿದ್ದೆ. ಯೋಚಿಸಿ ಹೋದದ್ದಲ್ಲ, ಕಾಲು ಹೋಯಿತು. ಇವರು ಫೋನ್ ಮಾಡಿ ತಿಳಿಸಿದ್ದರೆಂದು ಕಾಣುತ್ತದೆ, ಮೇಡಂ ಕುರ್ಚಿ ಎಳೆದು ಇವತ್ತು ಸುಮ್ಮನೆ ಕೂತಿರಿ ಎಂದರು. ನಾನು ಕೂರಲಿಲ್ಲ. ಚೀಲದ ಹತ್ತಿರ ಹೋಗಿ ಪಾದ ಅಗಲಿಸಿ ನಿಂತು, ಸೊಂಟ ಹಿಂದಕ್ಕೆ ತಳ್ಳಿ, ಉಸಿರು ಕಟ್ಟಿ ಎತ್ತಿದೆ. ಬಂತು. ಎಂಟು ಸಲವೂ ಬಂತು. ಎದುರಿಗೆ ಬಿರುಕು ಬಿಟ್ಟ ಕನ್ನಡಿ ಇದೆ, ಅದರಲ್ಲಿ ಒಬ್ಬ ಹೆಂಗಸು ಚೀಲ ಹಿಡಿದುಕೊಂಡಿದ್ದಳು. ಎಂಟನೆಯದಾದ ಮೇಲೆ ಕೈ ಬಿಟ್ಟೆ. ಚೀಲ ಧೊಪ್ಪನೆ ಬಿದ್ದು ಕೆಳಗಿನ ಅಂಗಡಿಯವನು “ಏನಾಯ್ತು” ಎಂದು ಕೂಗಿದ. ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ, “ಇಳಿಸೋದೂ ಕೆಲ್ಸಾನೇ ಅಮ್ಮ. ನಿಧಾನಕ್ಕೆ ಇಳಿಸ್ಬೇಕು” ಅಂದರು.

ಯಾರಿಗೋಸ್ಕರ ಎಂದು ಕೇಳಿದೆಯಲ್ಲ. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂದು ಬೇರೆಯವರು ಹೇಳುತ್ತಾರೆ, ನಾನು ಮಾಡುತ್ತೇನೆ. ಎಂಟು ಎಂದರೆ ಎಂಟು. ಉಳಿದ ಹೊತ್ತಿಗೆ ಅಂಥ ಲೆಕ್ಕ ಇಲ್ಲ.

ಲ್ಯಾಬಿನಲ್ಲಿ ಕೆಲಸ ವಿಪರೀತ. ಕಳೆದ ವಾರ ಒಬ್ಬ ಸಂಗೀತದ ಮೇಷ್ಟರ ಸೆಟ್ಟು ಮೂರು ಸಲ ವಾಪಸು ಬಂತು, ‘ಸ’ ಹೇಳಿದರೆ ಗಾಳಿ ಹೋಗುತ್ತದಂತೆ. ಹಾಡುವವರ ಬಾಯಿ, ತಕರಾರು ಮಾಡುವಂತಿಲ್ಲ. ಇವರಿಗೆ ಹೊಸ ಆಸ್ಪತ್ರೆಯ ಲಿಫ್ಟಿನ ಕೆಲಸ ಸಿಕ್ಕಿದೆ, ಬೆಳಿಗ್ಗೆ ಬೇಗ ಹೊರಡುತ್ತಾರೆ. ಅಪ್ಪ ಇದ್ದ ಕೋಣೆಗೆ ಸುಣ್ಣ ಬಳಿಸೋಣವೇ ಎಂದು ಕೇಳಿದರು. ಆಗಲಿ ಎಂದೆ. ಇನ್ನೂ ಬಳಿಸಿಲ್ಲ.

ನೀನು ಭಾರ ಎತ್ತಬೇಡ. ಬಿಂದಿಗೆಯನ್ನೂ ಮಗಳ ಕೈಯಲ್ಲೇ ಎತ್ತಿಸು. ಭಾವನಿಗೆ ನಮ್ಮಿಬ್ಬರ ನಮಸ್ಕಾರ. ಮಗಳಿಗೆ ಚಿಕ್ಕಮ್ಮನ ತುಂಬು ಆಶೀರ್ವಾದ. ಈ ವರ್ಷ ಅವಳ ಓದು ಮುಗಿದು ಒಳ್ಳೆಯ ಕಡೆ ನೆಲೆ ನಿಲ್ಲಲಿ, ನಿನಗೆ ನೋವಿಲ್ಲದ ನಿದ್ದೆ ಬರಲಿ.

ಇಂತಿ,
ನಿನ್ನ ತಂಗಿ

ತಾ.ಕ.: ನಿನ್ನ ಕಾಗದದ ಒಂದು ಪ್ರಶ್ನೆಗೆ ಉತ್ತರ ಬರೆಯದೆ ಲಕೋಟೆಗೆ ಅಂಟು ಹಾಕಲು ಹೊರಟಿದ್ದೆ. ಅಪ್ಪನ ದಿಂಬಿನ ಕವರಿನೊಳಗೆ ಒಂದು ಚೀಟಿ ಸಿಕ್ಕಿತು, ಎಡಗೈಯಲ್ಲಿ ಬರೆದ ಸೊಟ್ಟ ಅಂಕಿಗಳು, ಐದು, ಐದು, ಏಳು, ಎಂಟು, ಹತ್ತು, ಹಾಗೇ ಹೋಗಿ ಹದಿನೆಂಟಕ್ಕೆ ನಿಂತಿದೆ, ಮಾತ್ರೆ ಲೆಕ್ಕವೋ ಏನೋ ಗೊತ್ತಾಗಲಿಲ್ಲ ಎಂದು ನೀನು ಬರೆದಿದ್ದೆ.

ಮಾತ್ರೆಯದಲ್ಲ. ಭಾನುವಾರ ಮಧ್ಯಾಹ್ನ ನೀನು ಫೋನನ್ನು ಅಪ್ಪನ ಕಿವಿಗಿಟ್ಟು ಒಳಗೆ ಹೋಗುತ್ತಿದ್ದೆಯಲ್ಲ, ಆಗ ಅವರು ಕೇಳುತ್ತಿದ್ದುದು ಒಂದೇ, ಈ ವಾರ ಎಷ್ಟು ಕೇಜಿ ಎತ್ತಿದೆ ಎಂದು. ಇಪ್ಪತ್ತೈದಾದ ದಿನ ವಾಪಸು ನಮ್ಮ ಮನೆಗೆ ಬರುವುದೆಂದು ಅವರೇ ಗೊತ್ತು ಮಾಡಿಕೊಂಡಿದ್ದರು.

ಇಪ್ಪತ್ತೈದು ಐದನೇ ವಾರಕ್ಕೇ ಆಗಿತ್ತು ಅಕ್ಕ. ಅದಕ್ಕೂ ಮೊದಲು, ಮೂರನೇ ವಾರ, ಮೇಡಂ ಗಡಿಯಾರದ ಅಜ್ಜನನ್ನು ನೆಲದ ಮೇಲೆ ಮಲಗಿಸಿ, ಬಿದ್ದವರನ್ನು ಎರಡು ಕುರ್ಚಿ ಇಟ್ಟು ಒಬ್ಬರೇ ಹೇಗೆ ಏಳಿಸಬಹುದೆಂದು ತೋರಿಸಿಕೊಟ್ಟರು. ನಾನು ಮಾಡಿದೆ. ಅಜ್ಜ ಸಲೀಸಾಗಿ ಎದ್ದು ಕೂತರು. ಅದಕ್ಕೆ ದೊಡ್ಡ ಶಕ್ತಿ ಬೇಕಾಗಿರಲಿಲ್ಲ. ಆ ಭಾನುವಾರ ಅಪ್ಪನಿಗೆ ಏಳೇ ಕೇಜಿ ಎಂದೆ. ಅಪ್ಪ ಹೋಗುವ ವಾರ ನಾನು ನಲವತ್ತೆರಡು ಎತ್ತುತ್ತಿದ್ದೆ.

ಅಪ್ಪ ನಿಮ್ಮಲ್ಲಿದ್ದಷ್ಟು ದಿನ ಇಲ್ಲಿ ಮನೆ ನಿಶ್ಶಬ್ದವಾಗಿತ್ತು. ಕೂತು ಊಟ ಮಾಡುತ್ತಿದ್ದೆ. ಬೆಳಗಿನ ತನಕ ಯಾರೂ ಕರೆಯುತ್ತಿರಲಿಲ್ಲ. ಇನ್ನೊಂದು ವಾರ, ಇನ್ನೊಂದೇ ವಾರ ಎಂದುಕೊಳ್ಳುತ್ತಿದ್ದೆ. ಅದೇ ದಿನಗಳಲ್ಲಿ ನೀನು ಅಲ್ಲಿ ಒಬ್ಬಳೇ ಎತ್ತಿ ಇಳಿಸಿ ಸೊಂಟ ಕಳೆದುಕೊಂಡೆ. ಕೊನೆಯ ಭಾನುವಾರ ಹದಿನೆಂಟು ಎಂದಾಗ ಅಪ್ಪ ಫೋನ್ ಪಕ್ಕಕ್ಕಿಟ್ಟ ಸದ್ದು ಕೇಳಿಸಿತು. ಬರೆದುಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ, “ಪರವಾಗಿಲ್ಲ ಮಗಳೇ, ಅವಸರ ಮಾಡಿ ಬೆನ್ನು ಹಿಡಿಸ್ಕೋಬೇಡ” ಅಂದರು.

ಆ ಚೀಟಿಯನ್ನು ನನಗೆ ಕಳಿಸಬೇಡ. ಹರಿಯಲೂ ಬೇಡ.