ಚಾಲು ಎಂಬ ಮಾತು

ಮಾಲೂರು
8-2-2026, ಭಾನುವಾರ

ಪ್ರೀತಿಯ ಗೌಹರ್‌ಗೆ ಕದಿರಕ್ಕನ ಸಲಾಂ.

ಇಲ್ಲಿ ನಾನು ಕ್ಷೇಮ. ಮುಳಬಾಗಿಲಿನಲ್ಲಿ ನೀನು, ಲಿಯಾಖತ್ ಭಾಯಿ, ಮಗಳು ಸಬಾ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಹೊಲಿದು ಕಳಿಸಿದ ರವಿಕೆಗಳು ತಲುಪಿ ಮೂರು ವಾರ ಕಳೆಯಿತು, ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಬಾಯಿ ಬಿಡಲು ಎಲ್ಲಿ ಕೊಡುತ್ತೀಯ? ಮೇಲಾಗಿ ಇದು ಎಡಗೈ ಬರಹ, ನಾಲ್ಕು ದಿನದಿಂದ ನಡೆದಿದೆ. ಅಕ್ಷರ ಸೊಟ್ಟಗಿದ್ದರೂ ನೀನೇ ಓದು, ಸಬಾ ಕೈಲಿ ಓದಿಸಬೇಡ.

ರವಿಕೆಗೆ ಹುಕ್ಕಿನ ಬದಲು ಟಿಚ್ ಬಟನ್ ಇಟ್ಟಿದ್ದೀಯಲ್ಲ, ಅದನ್ನು ನೋಡಿ ಅತ್ತುಬಿಟ್ಟೆ ಕಣೇ. ಹೆಂಚು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿ ಮೂರು ವರ್ಷ. ಹುಕ್ಕು ಹಾಕಲು ನಾನು ಪಡುವ ಪಾಡು ನನ್ನ ಸ್ವಂತ ಸೊಸೆಗೂ ಹೊಳೆದಿರಲಿಲ್ಲ. ಈಗ ಒತ್ತಿದರೆ ಟಿಕ್ ಎನ್ನುತ್ತದೆ, ಮುಗಿಯಿತು. ದಿನಾ ಬೆಳಗ್ಗೆ ನಿನ್ನ ಹೆಸರು ಹೇಳಿಯೇ ತೊಡುತ್ತೇನೆ.

ಇನ್ನು ದೊಡ್ಡ ಸುದ್ದಿ. ಹನ್ನೊಂದು ವರ್ಷದ ಮೇಲೆ ನನ್ನ ಕೈಗೆ ನೇಮಕಾತಿ ಪತ್ರ ಬಂತು! ಕೇಂದ್ರ ಸರ್ಕಾರ ಹೊಸ ಕಾರ್ಮಿಕ ಸಂಹಿತೆ ತಂದಿದೆಯಲ್ಲ, ಎಲ್ಲರಿಗೂ ಪತ್ರ ಕೊಡಲೇಬೇಕಂತೆ. ನಮ್ಮ ಹೆಂಚಿನ ಕಾರ್ಖಾನೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ಸೂಪರ್ವೈಸರ್ ಆಂಜಿನಪ್ಪ ಹೆಬ್ಬೆಟ್ಟಿನ ಮಸಿಡಬ್ಬಿ ಮುಂದೆ ತಳ್ಳಿದ. "ಏಳನೇ ಕ್ಲಾಸು ಓದಿವ್ನಿ, ರುಜು ಹಾಕ್ತೀನಿ" ಎಂದೆ. ಎಡಗೈಯಲ್ಲಿ ನನ್ನ ಹೆಸರು ಮೂಡುವಷ್ಟರಲ್ಲಿ ಹಿಂದಿನವರ ಟೀ ಆರಿಹೋಯಿತು, ಆದರೂ ಯಾರೂ ಗೊಣಗಲಿಲ್ಲ. ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆಯೂ ಉಂಟಂತೆ. ನಿನಗೆ ಮಾತ್ರ ಅದು ಸಿಗುವುದಿಲ್ಲ ಬಿಡು, ನೀನು ಮೂವತ್ತೆಂಟರಲ್ಲೇ ನಿಂತುಬಿಟ್ಟಿದ್ದೀಯ.

ಯೂನಿಯನ್ನಿನ ವೆಂಕಟ್ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದಾನೆ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯನ್ನು ಇನ್ನು ಸರ್ಕಾರದ ಅನುಮತಿ ಇಲ್ಲದೆಯೇ ಮುಚ್ಚಬಹುದಂತೆ. "ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡವ್ರೆ ಕಣಕ್ಕ" ಎಂದ. ಅವನು ಹೇಳುವುದರಲ್ಲೂ ನಿಜವಿದೆ. ಆದರೂ ನಿನ್ನನ್ನು "ನಾಳೆಯಿಂದ ಬರಬೇಡ" ಎಂದು ಬರೀ ಬಾಯಿಮಾತಿನಲ್ಲಿ ಕಳಿಸಿದರಲ್ಲ, ಹಾಗೆ ನನ್ನನ್ನು ಕಳಿಸಲಾಗದು ಎಂಬ ಧೈರ್ಯವನ್ನು ಆ ಕಾಗದ ಕೊಟ್ಟಿದೆ. ಅದಕ್ಕೆ ನಾನು ಋಣಿ.

ಸರ್ಕಾರದ ಕೌಶಲ್ಯ ತರಬೇತಿಯಲ್ಲಿ ಇಪ್ಪತ್ತು ಹುಡುಗಿಯರು ಬಂದಿದ್ದಾರೆ. ಪ್ರೆಸ್ಸು ಬಲ್ಲ ಇಬ್ಬರು ಹಳಬರು ಕಲಿಸಲು ಬೇಕು. ಒಬ್ಬಳು ನಾನು. ಇನ್ನೊಬ್ಬಳು ಯಾರು ಎಂದು ಮ್ಯಾನೇಜರ್ ಅಮರನಾಥ್ ಸಾರ್ ಕೇಳಿದಾಗ ನಿನ್ನ ಹೆಸರೇ ಹೇಳಿದೆ. ಎಂಟು ವರ್ಷ ನಾನು ಅಚ್ಚಿಗೆ ಮಣ್ಣಿಟ್ಟೆ, ನೀನು ಸ್ವಿಚ್ಚು ಒತ್ತಿದೆ. ನಮ್ಮಷ್ಟು ಚೆನ್ನಾಗಿ ಹೆಂಚು ತೆಗೆದ ಜೋಡಿ ಇನ್ನೊಂದಿಲ್ಲ. ನೀನು ಫೋನಿನಲ್ಲಿ ಏನೆಂದೆ, ನೆನಪಿದೆಯಾ? "ನಕ್ಕೋ ಅಕ್ಕಾ, ಬೇಡ. ಆ ಸ್ವಿಚ್ಚು ನೋಡಿದ್ರೆ ನಿನ್ನ ಬೆರಳು ಕಣ್ಮುಂದೆ ಬರ್ತವೆ. ಹೇಳ್ದೇ ಇರೋ ಮಾತು ಕೇಳಿಸೋ ಕಿವಿ ಇಟ್ಕೊಂಡು ಆ ಮಕ್ಕಳಿಗೆ ನಾನೇನು ಕಲಿಸ್ಲಿ?" ಕೋಲಾರದ ಆಸ್ಪತ್ರೆಯಲ್ಲಿ ಕಿವಿ ತೋರಿಸಿದ್ದನ್ನೂ ನೀನು ಹೇಳಿದೆ. ಡಾಕ್ಟರು ಕಿವಿ ಸರಿಯಾಗಿದೆ ಎಂದರಂತೆ. "ಹಂಗಾದ್ರೆ ಕೆಟ್ಟಿರೋದು ತಲೆ" ಎಂದು ನೀನೇ ನಕ್ಕೆ. ನನಗೆ ನಗು ಬರಲಿಲ್ಲ.

ಮೊನ್ನೆ ತರಬೇತಿ ಕೊಡುವ ಶ್ವೇತ ಮೇಡಂ, ಯಂತ್ರದ ಹತ್ತಿರ ಯಾವ ಮಾತು ಆಡಬೇಕು, ಯಾವುದು ಆಡಬಾರದು ಎಂದು ನನ್ನನ್ನು ಕೇಳಿದರು. "ಚಾಲು ಅನ್ನೋ ಮಾತೇ ಬೇಡ" ಎಂದೆ. ಶ್ರೀನಿವಾಸಪುರದ ಪವಿತ್ರ ಎಂಬ ಹುಡುಗಿ ಬಾಯಿಗೆ ಸೆರಗಿಟ್ಟು ನಕ್ಕಳು. "ಹೌದಲ್ಲ ಆಂಟಿ! ತೆಲುಗಿನ ನಮ್ಗೆ ಚಾಲು ಅಂದ್ರೆ ಸಾಕು. ಸಾಬ್ರ ಮನೇಲಿ ಚಾಲು ಅಂದ್ರೆ ಶುರು ಮಾಡು!" ಮೇಡಂ ಗೋಡೆಗೆ ಕೆಂಪು ಅಕ್ಷರದಲ್ಲಿ ಬರೆಸಿದ್ದಾರೆ: ಶುರು ಮಾಡಲು 'ಸ್ಟಾರ್ಟ್', ನಿಲ್ಲಿಸಲು 'ಸಾಕು'. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಗೌಹರ್ ಹತ್ತಿರ ಎಂದೆ. ಕೆಲಸಕ್ಕೆ ಸೇರಿದ ವಾರವೇ ಈ ಎರಡು ಮಾತು ನೀನೇ ತಾನೇ ಗೊತ್ತು ಮಾಡಿದ್ದು?

ನನ್ನ ಬೆರಳಿಗೆ ಪಟ್ಟಿ ಕಟ್ಟಿದ್ದಾಗ ಒಂದು ತಿಂಗಳು ದಿನಾ ಬಂದು ತುತ್ತು ಕಲಸಿ ಬಾಯಿಗಿಟ್ಟವಳು ನೀನು. ಕೆಲಸ ಕಳೆದುಕೊಂಡದ್ದು ನೀನು, ಸಮಾಧಾನ ಹೇಳಿದ್ದೂ ನೀನು. ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ.

ಇನ್ನು ಹತ್ತು ದಿನಕ್ಕೆ ರಂಜಾನ್ ತಿಂಗಳು. ಉಪವಾಸವೆಂದು ದೇಹ ದಂಡಿಸಿಕೊಳ್ಳಬೇಡ. ಸಬಾ ಚೆನ್ನಾಗಿ ಓದಲಿ. ನೀನು ನೂರು ಕಾಲ ನಗುತ್ತಾ ಬಾಳು ತಾಯಿ.

ನಿನ್ನ
ಕದಿರಮ್ಮ

ವಿ.ಸೂ.: ನಾಲ್ಕು ದಿನ ಹಿಡಿದದ್ದು ಎಡಗೈಯಿಂದಲ್ಲ, ಈ ಮಾತಿನಿಂದ. ಆವತ್ತು ಅಚ್ಚಿಗೆ ಎಣ್ಣೆ ಹಾಕುತ್ತಿದ್ದ ಮುತ್ಯಾಲಮ್ಮ ಜಾಸ್ತಿ ಸುರಿದಳು. ನಾನು ಒಳಗೆ ಕೈಯಿಟ್ಟುಕೊಂಡೇ ಅವಳಿಗೆ ನಮ್ಮ ತೆಲುಗಿನಲ್ಲಿ "ಚಾಲು, ಚಾಲು" ಎಂದೆ. ನಿನ್ನ ಬೆನ್ನು ಈ ಕಡೆಗಿತ್ತು. ನೀನು ಒತ್ತಿದೆ. ನನ್ನ ತಪ್ಪೆಂದಾದರೆ ಪರಿಹಾರ ಸಿಗುವುದಿಲ್ಲ ಎಂದು ಆಸ್ಪತ್ರೆಯಲ್ಲೇ ಆಂಜಿನಪ್ಪ ಹೆದರಿಸಿದ. ವಿಚಾರಣೆಯಲ್ಲಿ ನಿನ್ನೆದುರಿಗೇ "ನಾನು ಬಾಯೇ ಬಿಡಲಿಲ್ಲ" ಎಂದೆ. ಮುತ್ಯಾಲಮ್ಮನೂ ಹೆದರಿ ಸುಮ್ಮನಾದಳು. ಇಂಥ ತಪ್ಪಿಗೆ ಪರಿಹಾರ ತಪ್ಪುವುದಿಲ್ಲ, ಆಗಿನ ಕಾನೂನಿನಲ್ಲೂ ಹಾಗೇ ಇತ್ತು ಎಂದು ಶ್ವೇತ ಮೇಡಂ ಮೊನ್ನೆ ಹೇಳಿದರು. ಸುಮ್ಮಸುಮ್ಮನೆ ನಿನ್ನನ್ನು ಬಲಿ ಕೊಟ್ಟೆ. ನಿನ್ನೆ ಇದನ್ನೆಲ್ಲ ಬರೆದು, ರುಜು ಹಾಕಿ ಅಮರನಾಥ್ ಸಾರ್ ಕೈಗೆ ಕೊಟ್ಟೆ. ಓದಿ ಮಡಿಸಿಟ್ಟುಕೊಂಡರು. ನೀನು ಕೆಲಸಕ್ಕೆ ಬಾ, ನನ್ನ ಮುಖ ನೋಡದಿದ್ದರೂ ಸರಿ. ನಿನ್ನ ಕಿವಿ ಸರಿಯಾಗಿದೆ ಗೌಹರ್, ತಲೆಯೂ ಸರಿಯಾಗಿದೆ. ನೀನು ಕೇಳಿಸಿಕೊಂಡದ್ದು ನಿಜ. ನಾನು ಅಂದಿದ್ದೆ.